ಹಾಡುವವರಿಗೆ ಊರು ತೋರಿಸುವುದು: ಲೈಪ್‌ಜಿಗ್‌ನಲ್ಲಿ ನನ್ನ ಅನುಭವ

ಕ್ವಾಯರ್, ಅಂದರೆ ಹಲವು ದನಿಗಳಲ್ಲಿ ಹಾಡುವ ತಂಡ, ಪ್ರವಾಸ ಹೊರಟಾಗ ಹಾಡಿನ ಚಿಂತೆ ನಿರ್ದೇಶಕರದು, ಬಸ್ಸು ವಸತಿಯ ಚಿಂತೆ ಖಜಾಂಚಿಯದು. ಉಳಿಯುವುದು ನಡುವಿನ ಹೊತ್ತು. ಅಭ್ಯಾಸ ಮುಗಿದು ಕಾರ್ಯಕ್ರಮ ಶುರುವಾಗುವವರೆಗೆ ನಲವತ್ತು ಚಿಲ್ಲರೆ ಜನ ಊರಿನಲ್ಲಿ ಏನು ನೋಡಬೇಕು, ಎಷ್ಟು ನಡೆಯಬೇಕು, ಎಲ್ಲಿ ಕೂರಬೇಕು ಎಂಬುದನ್ನು ಸಾಮಾನ್ಯವಾಗಿ ಯಾರೂ ತಲೆಗೆ ಹಚ್ಚಿಕೊಳ್ಳುವುದಿಲ್ಲ. ಕೈಗೊಂದು ನಕ್ಷೆ ಕೊಟ್ಟು ‘ಐದು ಗಂಟೆಗೆ ಚರ್ಚಿನ ಬಳಿ ಸೇರಿ’ ಅಂದುಬಿಟ್ಟರೆ ಆಯಿತು. ನಾನು ಹಾಡುವ, ಜರ್ಮನಿಯ ಸ್ಟುಟ್‌ಗಾರ್ಟ್‌ನ ಹವ್ಯಾಸಿ ಕ್ವಾಯರ್ ಲೈಪ್‌ಜಿಗ್‌ಗೆ ಹೋಗುವುದೆಂದು ನಿಶ್ಚಯವಾದಾಗ, ಈ ನಡುವಿನ ಹೊತ್ತನ್ನು ನನಗೆ ಬಿಡಿ ಎಂದು ನಾನೇ ಕೇಳಿ ತೆಗೆದುಕೊಂಡೆ.

ಕೇಳಲು ಕಾರಣವಿತ್ತು. ಮಂಗಳೂರಿನ ಬಲ್ಮಠದ ಆಸುಪಾಸಿನಲ್ಲಿ ಬೆಳೆದವಳು ನಾನು. ಬಾಸೆಲ್ ಮಿಶನ್ನಿನವರು ತಂದ ಜರ್ಮನ್ ರಾಗಗಳಿಗೆ ಕನ್ನಡದ ಮಾತು ಕೂಡಿಸಿದ ಗೀತೆಗಳನ್ನು ಚರ್ಚಿನಲ್ಲಿ ನಾಲ್ಕು ದನಿಯಲ್ಲಿ ಹಾಡಿಕೊಂಡೇ ದೊಡ್ಡವಳಾದೆ. ಹೆರ್ಮನ್ ಮೋಗ್ಲಿಂಗ್ 1836ರಲ್ಲಿ ಮಂಗಳೂರಿಗೆ ಬಂದವರು. ಅವರ ಪೀಳಿಗೆಯವರ ಕೆಲಸ ನಮ್ಮ ಗೀತಪುಸ್ತಕದಲ್ಲಿ ಇನ್ನೂ ಉಳಿದಿದೆ. ಅದೇ ಬಗೆಯ ರಾಗಗಳನ್ನು ವಾರವಾರ ನಾಲ್ಕು ದನಿಗೆ ಹೊಂದಿಸುತ್ತ 18ನೇ ಶತಮಾನದ ಸಂಗೀತಕಾರ ಬಾಖ್ ತಮ್ಮ ಕೊನೆಯ 27 ವರ್ಷ ಕಳೆದ ಊರು ಲೈಪ್‌ಜಿಗ್. ಆ ಊರನ್ನು ನನ್ನ ಜೊತೆ ಹಾಡುವವರು ಬರೀ ಫೋಟೊ ತೆಗೆದುಕೊಂಡು ದಾಟಿ ಹೋಗುವುದು ನನಗೆ ಬೇಡವಾಗಿತ್ತು.

ಯೋಜನೆ ಹಾಕಲು ಕುಳಿತಾಗ ಎರಡು ವಿಷಯ ಮನಸ್ಸಿನಲ್ಲಿಟ್ಟುಕೊಂಡೆ. ಹಗಲು ನೋಡಿದ್ದು ಸಂಜೆಯ ಹಾಡಿಗೆ ಒದಗಬೇಕು. ಮತ್ತು ಸಂಜೆಯ ಹೊತ್ತಿಗೆ ದನಿ ಉಳಿದಿರಬೇಕು. ಎರಡನೆಯದು ಸಣ್ಣ ಮಾತೆನಿಸಬಹುದು, ಆದರೆ ಕ್ವಾಯರ್ ಪ್ರವಾಸಗಳು ಕೆಡುವುದು ಬಹಳ ಸಲ ಅಲ್ಲೇ. ವಾದ್ಯದವರು ವಾದ್ಯವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಊರು ಸುತ್ತಬಹುದು. ಹಾಡುವವರು ತಮ್ಮ ವಾದ್ಯವನ್ನು ಗಂಟಲಿನಲ್ಲಿಟ್ಟುಕೊಂಡೇ ಟ್ರಾಮಿನ ಗದ್ದಲದಲ್ಲಿ ಕೂಗಿ ಮಾತಾಡುತ್ತಾರೆ, ಕಲ್ಲುಹಾಸಿನ ಮೇಲೆ ನಾಲ್ಕು ಗಂಟೆ ನಡೆದು ಸೊಂಟ ನೋಯಿಸಿಕೊಳ್ಳುತ್ತಾರೆ. ಸೊಂಟ ದಣಿದರೆ ಉಸಿರು ಮೇಲೆಯೇ ನಿಲ್ಲುತ್ತದೆ, ಉಸಿರು ಮೇಲೆ ನಿಂತರೆ ಉದ್ದನೆಯ ಸಾಲುಗಳು ನಡುವೆಯೇ ಕಡಿಯುತ್ತವೆ. ನಿರ್ದೇಶಕಿಗೆ ಕಾಣುವುದು ಕಡಿದ ಸಾಲು ಮಾತ್ರ.

ಮೊದಲು ಗುಂಪು ಮಾಡಿದೆ. ಕ್ವಾಯರಿನ ನಾಲ್ಕು ದನಿಗಳು ಎತ್ತರದಿಂದ ತಗ್ಗಿಗೆ ಸೊಪ್ರಾನೊ, ಆಲ್ಟೊ, ಟೆನರ್, ಬಾಸ್. ಸೊಪ್ರಾನೊಗಳು ಒಟ್ಟಿಗೆ, ಬಾಸ್‌ಗಳು ಒಟ್ಟಿಗೆ ಹೋಗುವುದು ಕ್ವಾಯರುಗಳ ವಾಡಿಕೆ. ನಾನು ಅದನ್ನು ಒಡೆದು ಎಂಟೆಂಟು ಜನರ ಗುಂಪು ಮಾಡಿದೆ, ಪ್ರತಿ ಗುಂಪಿನಲ್ಲೂ ನಾಲ್ಕೂ ದನಿಗಳು ಇರುವ ಹಾಗೆ. ಹವ್ಯಾಸಿ ಕ್ವಾಯರುಗಳಲ್ಲಿ ಟೆನರ್ ಸಿಗುವುದು ಎಷ್ಟು ಕಷ್ಟ ಎಂದು ಹಾಡಿದವರಿಗೆಲ್ಲ ಗೊತ್ತು. ಹಾಗಾಗಿ ಟೆನರ್‌ಗಳನ್ನು ಮೊದಲು ಹಂಚಿದೆ, ಆಮೇಲೆ ಉಳಿದವರನ್ನು. ಇದರ ಲಾಭ ದಾರಿಯಲ್ಲಿ ತಿಳಿಯಿತು. ಎಂಟು ಜನ ಒಂದು ಕಮಾನಿನ ಕೆಳಗೆ ನಿಂತರೆ ಅಲ್ಲೇ ಒಂದು ಕೋರಲ್, ಅಂದರೆ ಚರ್ಚಿನ ಗೀತೆ, ಹಾಡಿ ನೋಡಬಹುದು. ಎಂಟು ಜನ ಯಾವ ಕೆಫೆಯಲ್ಲೂ ಒಂದು ಮೇಜಿಗೆ ಹಿಡಿಸುತ್ತಾರೆ. ಎಣಿಸುವುದೂ ಸುಲಭ. ಕೋಲು ಹಿಡಿದು ನಡೆಯುವ ಹಿರಿಯರಿದ್ದ ಗುಂಪಿಗೆ ಬೇರೆಯದೇ ದಾರಿ ಹಾಕಿಕೊಟ್ಟೆ. ಅದೇ ಜಾಗಗಳು, ನಡುವೆ ಟ್ರಾಮ್ ಹೆಚ್ಚು.

ಗೈಡ್ ಇದ್ದ ಒಂದೇ ಸುತ್ತಿಗೆ ಕಿವಿಗೆ ಸಿಕ್ಕಿಸುವ ರಿಸೀವರ್‌ಗಳನ್ನು ಬಾಡಿಗೆಗೆ ತಂದೆವು. ಗೈಡ್ ಮೆಲ್ಲಗೆ ಮಾತಾಡಿದರೂ ಎಲ್ಲರಿಗೂ ಕೇಳುತ್ತದೆ, ನಾವು ಒಬ್ಬರ ಮೇಲೊಬ್ಬರು ಬೀಳುವುದೂ ತಪ್ಪುತ್ತದೆ, ‘ಏನಂದರು?’ ಎಂದು ಹಿಂದಿನಿಂದ ಕೂಗುವವರೂ ಇರುವುದಿಲ್ಲ. ಬಸ್ಸಿನಲ್ಲಿ ಹಾಡುವುದು ಬೇಡ ಎಂದು ಮೊದಲೇ ಹೇಳಿದ್ದೆ. ಇಂಜಿನ್ನಿನ ಸದ್ದಿನ ಮೇಲೆ ಹಾಡಲು ಹೋದರೆ ಗೊತ್ತಿಲ್ಲದ ಹಾಗೆ ದನಿ ಏರುತ್ತದೆ, ಒಣಗಾಳಿ ಬೇರೆ. ಕೆಲವರಿಗೆ ಬೇಸರವಾಯಿತು, ಆದರೂ ಒಪ್ಪಿದರು.

ಲೈಪ್‌ಜಿಗ್‌ನ ಹಳೆಯ ಪೇಟೆ ಚಿಕ್ಕದು. ವರ್ತುಲ ರಸ್ತೆಯೊಳಗಿನ ಊರನ್ನು ಆ ತುದಿಯಿಂದ ಈ ತುದಿಗೆ ಹದಿನೈದು ಇಪ್ಪತ್ತು ನಿಮಿಷದಲ್ಲಿ ದಾಟಬಹುದು. ನೆಲದಲ್ಲಿ ಹುದುಗಿಸಿದ ಬಾಗಿದ ಉಕ್ಕಿನ ಪಟ್ಟಿಗಳನ್ನು ಹಿಡಿದು ಹೋದರೆ ‘ನೋಟೆನ್‌ಶ್ಪೂರ್’ ಎಂಬ ಸಂಗೀತದ ದಾರಿ ಸಿಗುತ್ತದೆ. ಸುಮಾರು 5 ಕಿಲೋಮೀಟರ್, 23 ನಿಲ್ದಾಣ. ಅದನ್ನು ಒಂದೇ ದಿನ ಮುಗಿಸುವ ಹಟ ಬೇಡವೆಂದು ಎರಡು ತುಂಡು ಮಾಡಿದೆವು. ಪ್ರಾಣಿಸಂಗ್ರಹಾಲಯ ಹೆಸರುವಾಸಿ, ಬಿಟ್ಟೆವು. ಅಂಗಡಿ ಸಾಲುಗಳನ್ನು ಯಾರ ಯೋಜನೆಯಲ್ಲೂ ಬರೆಯಬೇಕಾಗಿಲ್ಲ, ಅವಕ್ಕೆ ಜನ ತಾವೇ ಹೊತ್ತು ಮಾಡಿಕೊಳ್ಳುತ್ತಾರೆ.

ನಾನು ತುಂಬ ಆಸೆಯಿಂದ ಇಟ್ಟಿದ್ದ ಜಾಗ ಮಾರ್ಕೆಟ್ ಚೌಕದ ಹಳೆಯ ಪುರಭವನ. 1556ರಲ್ಲಿ ಹಿಯರೋನಿಮಸ್ ಲೋಟರ್ ಕಟ್ಟಿಸಿದ ಉದ್ದನೆಯ ಕಟ್ಟಡ, ಗೋಪುರ ಸರಿಯಾಗಿ ನಡುವಿನಲ್ಲಿಲ್ಲದೆ ಒಂದು ಬದಿಗೆ ಸರಿದಿದೆ. ಈಗ ಅದು ಊರಿನ ಇತಿಹಾಸದ ಮ್ಯೂಸಿಯಂ. 1723ರ ಮೇ ತಿಂಗಳಲ್ಲಿ ಬಾಖ್ ಇಲ್ಲೇ ನಗರಸಭೆಯ ಮುಂದೆ, ಊರಿನ ಚರ್ಚುಗಳ ಸಂಗೀತ ನಡೆಸುವ ಸೇವಾ ಕರಾರಿಗೆ ಸಹಿ ಹಾಕಿದ್ದು. ಎಲಿಯಾಸ್ ಗೋಟ್‌ಲೋಬ್ ಹೌಸ್‌ಮನ್ 1746ರಲ್ಲಿ ಬಿಡಿಸಿದ ಅವರ ಭಾವಚಿತ್ರವೂ ಇಲ್ಲೇ ಇದೆ. ಬಾಖ್ ಎಂದರೆ ನಮ್ಮ ಕಣ್ಣ ಮುಂದೆ ಬರುವ ಮುಖ ಈ ಚಿತ್ರದ್ದೇ: ಬಿಳಿ ವಿಗ್, ಕೊಂಚ ಗಂಟಿಕ್ಕಿದ ಹುಬ್ಬು, ದಪ್ಪ ಕೆನ್ನೆ.

ಎಲ್ಲರೂ ಮುಖ ನೋಡಿ ಮುಂದೆ ಹೋಗುತ್ತಾರೆ. ನಾನು ನಮ್ಮವರಿಗೆ ಕೈ ನೋಡಿ ಎಂದು ಹೇಳಿದ್ದೆ. ಬಲಗೈಯಲ್ಲಿ ಒಂದು ಪುಟ್ಟ ಕಾಗದವಿದೆ, ನೋಡುವವರ ಕಡೆಗೆ ತಿರುಗಿಸಿ ಹಿಡಿದಿದ್ದಾರೆ, ಸ್ವರಗಳನ್ನು ಓದಬಹುದು. ಆರು ದನಿಗಳ ಮುಮ್ಮಡಿ ಕ್ಯಾನನ್ ಅದು. ಒಂದು ದನಿ ಹಾಡಿದ್ದನ್ನು ಇನ್ನೊಂದು ಹಿಂದಿನಿಂದ ಅನುಸರಿಸುವ ರಚನೆಗೆ ಕ್ಯಾನನ್ ಎನ್ನುತ್ತಾರೆ. ಆದರೆ ಬರೆದಿರುವುದು ಮೂರೇ ಸಾಲು. ಉಳಿದ ಮೂರನ್ನು ಹಾಡುವವರೇ ಕಂಡುಕೊಳ್ಳಬೇಕು: ಪ್ರತಿ ಸಾಲನ್ನೂ ತಲೆಕೆಳಗು ಮಾಡಿ, ಏರುವ ಕಡೆ ಇಳಿದು, ಇಳಿಯುವ ಕಡೆ ಏರಿ, ಒಂದು ಬಾರ್ (ತಾಳದ ಒಂದು ಸುತ್ತು) ತಡವಾಗಿ ಸೇರಬೇಕು. ಬಾಸ್ ಸಾಲಿನಲ್ಲಿರುವುದು ಎಂಟೇ ಸ್ವರ. ಬಾಖ್ ಅವರದೇ ಕೀಬೋರ್ಡ್ ಕೃತಿ ಗೋಲ್ಡ್‌ಬರ್ಗ್ ವೇರಿಯೇಷನ್ಸ್‌ನ ತಳದಲ್ಲಿ ಬರುವ ಮೊದಲ ಎಂಟು ಸ್ವರಗಳು ಅವೇ. ಮಿತ್ಸ್‌ಲರ್ ಸ್ಥಾಪಿಸಿದ್ದ ಸಂಗೀತ ವಿದ್ವಾಂಸರ ಸಂಘಕ್ಕೆ ಬಾಖ್ 1747ರಲ್ಲಿ ಸೇರಿದರು. ಆ ಸಂಘದ ಸದಸ್ಯರು ತಮ್ಮ ಭಾವಚಿತ್ರ ಕೊಡಬೇಕೆಂಬ ನಿಯಮವಿತ್ತು. ತನ್ನ ಕಸುಬು ಏನೆಂಬುದನ್ನು ಅಂಗೈಯಗಲದ ಕಾಗದದಲ್ಲಿ ಹಿಡಿದು ಕೂತ ಮನುಷ್ಯ ಹೀಗೆ ಎದುರಿಗಿದ್ದರೆ ಹಾಡುವವರು ಸುಮ್ಮನೆ ನೋಡಿ ಹೋಗುವುದು ಹೇಗೆ?

ಆ ಕ್ಯಾನನ್ನಿನ ಆರೂ ಸಾಲುಗಳನ್ನು ಬಿಡಿಸಿ ಬರೆದ ಹಾಳೆ ಮೊದಲೇ ಪ್ರಿಂಟ್ ಮಾಡಿಸಿ ಚೀಲದಲ್ಲಿಟ್ಟಿದ್ದೆ. ಒಳಗೆ ಹಾಡುವಂತಿಲ್ಲ, ಸರಿಯೂ ಅಲ್ಲ. ಹೊರಗೆ ಬಂದು ಪುರಭವನದ ಮುಂದಿನ ಕಮಾನುಗಳ ಸಾಲಿನ ಕೆಳಗೆ ಎಂಟು ಜನ ನಿಂತೆವು. ಬಾಸ್ ಎಂಟು ಸ್ವರ ಹಿಡಿದರು, ಅದರ ತಲೆಕೆಳಗಾದ ಸಾಲು ಹಿಂದೆಯೇ ಸೇರಿತು, ಆಮೇಲೆ ಉಳಿದವು ಒಂದೊಂದಾಗಿ. ಮೂರು ನಾಲ್ಕು ಸಲ ಸುತ್ತಿದ ಮೇಲೆ ಅದು ತಾನೇ ಉರುಳತೊಡಗಿತು. ನಿಲ್ಲಿಸಬೇಕೆಂದು ಯಾರಿಗೂ ಅನಿಸಲಿಲ್ಲ. ನಮ್ಮ ಗುಂಪಿನ ಒಬ್ಬ ಹಿರಿಯ ಬಾಸ್ ಮತ್ತೆ ಟಿಕೆಟ್ ತೋರಿಸಿ ಒಳಗೆ ಹೋಗಿ ಆ ಕೈಯನ್ನು ಇನ್ನೊಮ್ಮೆ ನೋಡಿ ಬಂದರು.

ಅದೇ ಚಿತ್ರದ ಇನ್ನೊಂದು ಪ್ರತಿ, ಹೌಸ್‌ಮನ್ 1748ರಲ್ಲಿ ತಾವೇ ಮತ್ತೆ ಬಿಡಿಸಿದ್ದು, ಕೆಲವೇ ನಿಮಿಷದ ನಡಿಗೆಯಲ್ಲಿ ಥಾಮಸ್ ಚರ್ಚಿನ ಎದುರಿಗಿರುವ ಬಾಖ್ ಮ್ಯೂಸಿಯಂನಲ್ಲಿದೆ. ಅಮೆರಿಕದ ವಿಲಿಯಂ ಶೈಡೆ ಅವರ ಕೊಡುಗೆಯಾಗಿ 2015ರಲ್ಲಿ ಅದು ಲೈಪ್‌ಜಿಗ್‌ಗೆ ಮರಳಿತು. ಎರಡನೆಯದು ಹೆಚ್ಚು ಚೆನ್ನಾಗಿ ಉಳಿದಿದೆ, ಬಣ್ಣ ಸ್ಪಷ್ಟ. ಎರಡನ್ನೂ ಒಂದೇ ಬೆಳಿಗ್ಗೆ ನೋಡಿ ಎಂದು ನಾನು ಯಾರಿಗಾದರೂ ಹೇಳುತ್ತೇನೆ. ಮೊದಲು ಪುರಭವನ, ಆಮೇಲೆ ಮ್ಯೂಸಿಯಂ.

ಥಾಮಸ್ ಚರ್ಚಿನ ವಿಷಯ ಬೇರೆ. ಅಲ್ಲಿಗೆ ಬರುವವರೆಲ್ಲ ನೇರ ಗರ್ಭಗುಡಿಯ ಕಡೆಗೆ, ಬಾಖ್ ಹೆಸರಿನ ಕಂಚಿನ ಫಲಕದ ಕಡೆಗೆ ನಡೆಯುತ್ತಾರೆ. ಅವರದೆಂದು 1894ರಲ್ಲಿ ಗುರುತಿಸಿದ ಅಸ್ಥಿಗಳು ಮೊದಲಿದ್ದದ್ದು ಸೇಂಟ್ ಜಾನ್ ಚರ್ಚಿನಲ್ಲಿ. ಯುದ್ಧದಲ್ಲಿ ಆ ಚರ್ಚ್ ಹಾಳಾದ ಮೇಲೆ ಇಲ್ಲಿಗೆ ತಂದರು. ಫಲಕದ ಮೇಲೆ ಯಾವಾಗಲೂ ಹೂವಿರುತ್ತದೆ. ನಾನು ಗುಂಪುಗಳನ್ನು ಮೊದಲು ಹಿಂದಕ್ಕೆ ತಿರುಗಿಸಿದೆ, ಪಶ್ಚಿಮದ ಗ್ಯಾಲರಿಯ ಕಡೆಗೆ. ಹಾಡುವವರ ಜಾಗ ಅದು. ಈ ಚರ್ಚಿನ ಥಾಮಾನರ್ ಹುಡುಗರ ಕ್ವಾಯರ್ 1212ರಿಂದ ಇದೆ, ಬಾಖ್ ಅದಕ್ಕೆ ಬರುವ ಹೊತ್ತಿಗೇ ಅದಕ್ಕೆ ಐನೂರು ವರ್ಷ ಕಳೆದಿತ್ತು.

ಶುಕ್ರವಾರ ಸಂಜೆ 6ಕ್ಕೆ, ಶನಿವಾರ ಮಧ್ಯಾಹ್ನ 3ಕ್ಕೆ ಇಲ್ಲಿ ‘ಮೊಟೆಟ್ಟೆ’ ನಡೆಯುತ್ತದೆ. ಹಾಡು, ಓದು, ಪ್ರಾರ್ಥನೆ ಸೇರಿದ ಒಂದು ಗಂಟೆಯ ಆರಾಧನೆ. ಬಾಗಿಲಲ್ಲಿ ಕಾರ್ಯಕ್ರಮದ ಹಾಳೆ ಕೊಂಡರೆ ಅದೇ ಪ್ರವೇಶಪತ್ರ, ಕಾಫಿಯ ಬೆಲೆಗಿಂತ ಹೆಚ್ಚಿಲ್ಲ. ನಾವು ಪ್ರವಾಸದ ದಿನಗಳನ್ನು ಗೊತ್ತುಮಾಡಿದ್ದೇ ಈ ಶುಕ್ರವಾರ ಶನಿವಾರಗಳನ್ನು ನೋಡಿಕೊಂಡು. ಶಾಲೆಗೆ ರಜೆಯಿದ್ದಾಗ, ಹುಡುಗರು ಬೇರೆ ಊರಿಗೆ ಹೋಗಿರುವಾಗ ಅತಿಥಿ ಕ್ವಾಯರುಗಳು ಹಾಡುತ್ತವೆ. ಹುಡುಗರನ್ನೇ ಕೇಳಬೇಕೆಂದಿದ್ದರೆ ಚರ್ಚಿನ ಪಟ್ಟಿ ನೋಡಿ ದಿನ ಹಿಡಿಯಬೇಕು. ಬೇಗ ಹೋಗಿ ಸಾಲಿನಲ್ಲಿ ನಿಲ್ಲಿ, ನಡುಮನೆಯ ಬೆಂಚುಗಳಲ್ಲಿ ಕುಳಿತುಕೊಳ್ಳಿ. ಪಕ್ಕದ ಗ್ಯಾಲರಿಯ ಕೆಳಗೆ ಸಿಕ್ಕಿಕೊಂಡವರಿಗೆ ಎತ್ತರದ ದನಿಗಳು ಮಂದವಾಗಿ ಕೇಳಿಸಿದವು.

ಬೆಂಚಿನಲ್ಲಿ ಕುಳಿತವರ ಮುಖ ಬಲಿಪೀಠದ ಕಡೆಗಿರುತ್ತದೆ, ಹಾಡು ಬರುವುದು ಬೆನ್ನ ಹಿಂದಿನಿಂದ, ಮೇಲಿನಿಂದ. ಹಾಡುವವರ ಮುಖ ಕಾಣುವುದಿಲ್ಲ, ನಿರ್ದೇಶಕರ ಕೈ ಕಾಣುವುದಿಲ್ಲ. ನಮ್ಮಂಥವರಿಗೆ ಇದೊಂದು ಪಾಠ. ನಾವು ಸದಾ ಜನರ ಎದುರಿಗೆ ನಿಂತು, ಕಣ್ಣಲ್ಲಿ ಕಣ್ಣಿಟ್ಟು ಹಾಡುವವರು. ಮುಖಭಾವ ಅರ್ಧ ಕೆಲಸ ಮಾಡಿಬಿಡುತ್ತದೆ. ಇಲ್ಲಿ ವ್ಯಂಜನಗಳೇ ಎಲ್ಲವನ್ನೂ ಹೊತ್ತು ತರಬೇಕು. ಹುಡುಗರು ಪದದ ಕೊನೆಯ ‘ತ್’, ‘ಖ್’ಗಳನ್ನು ಎಲ್ಲರೂ ಒಂದೇ ಕ್ಷಣದಲ್ಲಿ ಮುಚ್ಚುವುದನ್ನು ಕೇಳಿ ನಮ್ಮ ಆಲ್ಟೊಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಿರ್ದೇಶಕಿ ಎಷ್ಟೋ ಮಂಗಳವಾರದ ಅಭ್ಯಾಸಗಳಲ್ಲಿ ಹೇಳಿದ್ದು ಒಂದು ಗಂಟೆಯಲ್ಲಿ ಅರ್ಥವಾಯಿತು.

ಇನ್ನೊಂದನ್ನೂ ನಮ್ಮವರಿಗೆ ಹೇಳಿದ್ದೆ. ಇವತ್ತು ಈ ಚರ್ಚಿನಲ್ಲಿ ಕೇಳುವ ಗುಂಗು ಬಾಖ್ ಕೇಳಿದ ಗುಂಗಲ್ಲ. ಅವರ ಕಾಲದಲ್ಲಿ ಒಳಗೆಲ್ಲ ಮರದ ಆಸನಗೂಡುಗಳು, ಹೆಚ್ಚುವರಿ ಗ್ಯಾಲರಿಗಳು ತುಂಬಿದ್ದವು. ಮರವೂ ಕಿಕ್ಕಿರಿದ ಜನರೂ ಸದ್ದನ್ನು ಹೀರಿಕೊಳ್ಳುತ್ತಿದ್ದರು. 1884ರಿಂದ 1889ರ ನಡುವಿನ ನವೀಕರಣದಲ್ಲಿ ಬರೋಕ್ ಕಾಲದ ಸಾಮಗ್ರಿಯನ್ನೆಲ್ಲ ತೆಗೆದು ಈಗಿನ ಗೋಥಿಕ್ ರೂಪ ಕೊಟ್ಟರು. ಬಾಖ್‌ರ ವೇಗದ ಕೋರಸ್‌ಗಳಲ್ಲಿ ಅಷ್ಟೊಂದು ಸಣ್ಣ ಸ್ವರಗಳು ಏಕಿವೆ, ಅವು ಕಲಸಿಹೋಗುತ್ತಿರಲಿಲ್ಲವೇ ಎಂದು ಕೇಳುವವರಿಗೆ ನಾನು ಕೊಡುವ ಉತ್ತರ ಇದು. ಒಣ ಕೋಣೆಗೆ ಹತ್ತಿರದ ಜಾಗದಲ್ಲಿ ಅವು ಒಂದೊಂದಾಗಿ ಬಿಡಿಸಿ ಕೇಳುತ್ತಿದ್ದವು.

ಕಾಫಿಯ ವಿಷಯ ಬಿಡಲಾಗುವುದಿಲ್ಲ. ಬಾಖ್ ತಮ್ಮ ಕೊಲೇಜಿಯಮ್ ಮ್ಯೂಸಿಕಮ್ ತಂಡದೊಂದಿಗೆ ಕಛೇರಿ ನಡೆಸುತ್ತಿದ್ದ ತ್ಸಿಮರ್‌ಮನ್ ಕಾಫಿಮನೆ ಕಾಥರೀನೆನ್ ಬೀದಿಯಲ್ಲಿತ್ತು. 1943ರ ಬಾಂಬ್ ದಾಳಿಯಲ್ಲಿ ಅದು ನಾಶವಾಯಿತು. ಕೊಡಗು ಚಿಕ್ಕಮಗಳೂರಿನ ಕಾಫಿ ಹಡಗು ಹತ್ತುವ ಊರಿನವಳಾದ ನನಗೆ ಆ ಬೀದಿಯಲ್ಲಿ ಐದು ನಿಮಿಷ ನಿಲ್ಲಲೇಬೇಕಾಗಿತ್ತು. ಕಾಫಿ ಬಿಡಲೊಲ್ಲದ ಮಗಳ ಮೇಲೆ ಬಾಖ್ ಬರೆದ ಕಾಂಟಾಟಾದ (ದನಿ ಮತ್ತು ವಾದ್ಯಗಳಿಗೆ ಬರೆದ ಹಲವು ಭಾಗಗಳ ಕೃತಿಯ) ಕತೆ ಹೇಳಿ ಅವರನ್ನು ಮುಂದೆ ಕರೆದುಕೊಂಡು ಹೋದೆ.

ನಿಕೊಲಾಯ್ ಚರ್ಚಿಗೆ ನಾವು ಬರೀ ನೋಡಲು ಹೋಗಲಿಲ್ಲ. ತಿಂಗಳುಗಳ ಮೊದಲೇ ಸಭೆಯ ಕಚೇರಿಗೆ ಪತ್ರ ಬರೆದು, ಇಂಥ ಊರಿನ ಇಂಥ ಕ್ವಾಯರ್, ಇಷ್ಟು ಜನ, ಇಂಥ ಕೃತಿ, ಐದಾರು ನಿಮಿಷ ಸಾಕು ಎಂದು ಕೇಳಿದ್ದೆ. ಜರ್ಮನಿಯ ಚರ್ಚುಗಳಲ್ಲಿ ಇದಕ್ಕೆ ಒಪ್ಪಿಗೆ ಸಿಗುವುದು ಕಷ್ಟವೇನಲ್ಲ, ಆದರೆ ಕೇಳಬೇಕು. ಹೇಳದೆ ಕೇಳದೆ ಹೋಗಿ ನಡುಮನೆಯಲ್ಲಿ ನಿಂತು ಹಾಡಲು ಶುರುಮಾಡುವ ಪ್ರವಾಸಿ ಕ್ವಾಯರುಗಳನ್ನು ನಾನು ನೋಡಿದ್ದೇನೆ. ಪ್ರಾರ್ಥನೆಗೆಂದು ಬಂದು ಕುಳಿತವರ ಮೇಲೆ ಅದೊಂದು ಹೇರಿಕೆ. ಪತ್ರದಲ್ಲಿ ಕೃತಿಯ ಹೆಸರು, ಅವಧಿ, ವಾದ್ಯ ಬೇಕೋ ಬೇಡವೋ ಎಂಬ ಮೂರೂ ಇರಲಿ. ಮರುಪ್ರಶ್ನೆಗೆ ಆಸ್ಪದ ಕಡಿಮೆ.

ಊರಿನ ದೊಡ್ಡ ಚರ್ಚ್ ನಿಕೊಲಾಯ್. ಬಾಖ್ ಲೈಪ್‌ಜಿಗ್‌ಗೆ ಬಂದ ಮೇಲೆ 1723ರ ಮೇ 30ರಂದು ಅವರ ಮೊದಲ ಕಾಂಟಾಟಾ ಕೇಳಿಬಂದದ್ದು ಇಲ್ಲೇ. ಮರುವರ್ಷದ ಶುಭ ಶುಕ್ರವಾರ, ಏಪ್ರಿಲ್ 7ರಂದು, ಯೇಸುವಿನ ಯಾತನೆಯ ಕತೆಯನ್ನು ಹಾಡುವ ‘ಸಂತ ಯೋಹಾನನ ಪ್ಯಾಶನ್’ ಮೊದಲ ಸಲ ನಡೆದದ್ದೂ ಇಲ್ಲೇ. ಆ ಸಲದ ಕತೆಯನ್ನು ಕ್ವಾಯರಿನವರು ಕೇಳಬೇಕು. ಬಾಖ್ ಥಾಮಸ್ ಚರ್ಚಿನಲ್ಲೇ ನಡೆಸುವುದೆಂದು ತೀರ್ಮಾನಿಸಿ ಕರಪತ್ರವನ್ನೂ ಅಚ್ಚು ಹಾಕಿಸಿಬಿಟ್ಟಿದ್ದರು. ಸರದಿ ನಿಕೊಲಾಯ್‌ದು, ಅಲ್ಲೇ ಆಗಬೇಕು ಎಂದಿತು ನಗರಸಭೆ. ಬಾಖ್ ಒಪ್ಪಿದರು, ಆದರೆ ಗ್ಯಾಲರಿಯಲ್ಲಿ ಹಾಡುವವರಿಗೆ ಜಾಗ ಸಾಲದು, ಹಾರ್ಪ್ಸಿಕಾರ್ಡ್ (ಪಿಯಾನೊಗೆ ಮೊದಲಿನ ಕೀಬೋರ್ಡ್ ವಾದ್ಯ) ರಿಪೇರಿ ಆಗಬೇಕು ಎಂದು ಹೇಳಿದರು. ಕೊನೆಗೆ ಹೊಸ ಕರಪತ್ರ ಅಚ್ಚಾಯಿತು, ಜಾಗವೂ ವಾದ್ಯವೂ ಸರಿಯಾದವು. ಪ್ರತಿ ಕಾರ್ಯಕ್ರಮಕ್ಕೂ ಮೊದಲು ವೇದಿಕೆಯ ಹಲಗೆ, ನಿಲ್ಲುವ ಜಾಗ, ಕೀಬೋರ್ಡಿನ ವಯರು ಎಂದು ಒದ್ದಾಡುವ ನಮ್ಮ ನಿರ್ದೇಶಕಿ ಇದನ್ನು ಕೇಳಿ ತುಂಬ ಹೊತ್ತು ಆ ಗ್ಯಾಲರಿಯನ್ನೇ ನೋಡುತ್ತ ನಿಂತರು.

ಒಳಗೆ ಕಾಲಿಟ್ಟರೆ ಕಂಬಗಳು ಮೊದಲು ಕಾಣುತ್ತವೆ. 18ನೇ ಶತಮಾನದ ಕೊನೆಯಲ್ಲಿ ಯೋಹಾನ್ ಕಾರ್ಲ್ ಫ್ರೀಡ್ರಿಶ್ ಡೌಥೆ ಒಳಾಂಗಣವನ್ನು ಪೂರ್ತಿ ಬದಲಿಸಿದಾಗ, ಬಿಳಿ ಕಂಬಗಳ ತಲೆಯಲ್ಲಿ ತಾಳೆಗರಿಗಳು ಚಿಮ್ಮುವ ಹಾಗೆ ಮಾಡಿದರು. ಗರಿಗಳ ಹಸಿರು ತಿಳಿ, ನಡುವಿನ ಚಾವಣಿ ನಸುಗೆಂಪು. ಕರಾವಳಿಯ ತೆಂಗಿನ ತೋಟದಲ್ಲಿ ಬೆಳೆದವರಿಗೆ ಅಲ್ಲಿ ತಲೆಯೆತ್ತಿ ನಿಂತರೆ ತೋಟದ ನಡುವೆ ನಿಂತ ಹಾಗೇ ಇರುತ್ತದೆ. ಹೊರಗಿನ ಅಂಗಳದಲ್ಲೂ ಅಂಥದೇ ಒಂದು ಕಂಬವಿದೆ. 1989ರ ನೆನಪಿಗೆ ನಿಲ್ಲಿಸಿದ್ದು.

1982ರಿಂದ ಪ್ರತಿ ಸೋಮವಾರ ಸಂಜೆ 5ಕ್ಕೆ ಇಲ್ಲಿ ಶಾಂತಿಪ್ರಾರ್ಥನೆ ನಡೆಯುತ್ತ ಬಂದಿದೆ. 1989ರ ಅಕ್ಟೋಬರ್ 9ರಂದು ಆ ಪ್ರಾರ್ಥನೆ ಮುಗಿಸಿ ಹೊರಬಂದವರ ಜೊತೆ ಊರಿನವರು ಸೇರಿ ಸುಮಾರು 70,000 ಜನ ವರ್ತುಲ ರಸ್ತೆಯಲ್ಲಿ ನಡೆದರು. ಪೂರ್ವ ಜರ್ಮನಿಯ ಪೊಲೀಸರು, ಪಡೆಗಳು ಸಜ್ಜಾಗಿದ್ದರೂ ಗುಂಡು ಹಾರಲಿಲ್ಲ. ಹಿಂಸೆ ಬೇಡ ಎಂಬ ಮನವಿಯನ್ನು ಆ ಸಂಜೆ ಧ್ವನಿವರ್ಧಕಗಳಲ್ಲಿ ಊರಿಗೆ ಓದಿ ಹೇಳಿದ ದನಿ ಊರಿನ ಗೆವಾಂಡ್‌ಹೌಸ್ ಆರ್ಕೆಸ್ಟ್ರಾದ ಮುಖ್ಯಸ್ಥ ಕುರ್ಟ್ ಮಾಸುರ್ ಅವರದು. ಒಬ್ಬ ಸಂಗೀತಗಾರನ ದನಿಯನ್ನು ಒಂದು ಊರು ಅಷ್ಟು ನಂಬಿತ್ತು ಎಂಬುದನ್ನು ನಾನು ನಮ್ಮವರಿಗೆ ಆ ಅಂಗಳದಲ್ಲೇ ನಿಲ್ಲಿಸಿ ಹೇಳಿದೆ.

ಅಲ್ಲಿ ಹಾಡಲು ನಾವು ಆರಿಸಿಕೊಂಡದ್ದು ಶಾಂತಿಯನ್ನು ಬೇಡುವ, ಚರ್ಚ್ ಸುಧಾರಕ ಲೂಥರನ ಮಾತುಗಳಿಗೆ ಸಂಗೀತಕಾರ ಮೆಂಡೆಲ್ಸನ್ 1831ರಲ್ಲಿ ಕೂಡಿಸಿದ ಸಂಗೀತ. ಬೇಡಿಕೆ ಮೊದಲು ಬಾಸ್‌ಗಳಿಂದ ಏಳುತ್ತದೆ, ಎರಡನೆಯ ಸಲಕ್ಕೆ ಆಲ್ಟೊ ಅದನ್ನು ಎತ್ತಿಕೊಳ್ಳುತ್ತದೆ, ಮೂರನೆಯ ಸಲ ನಾಲ್ಕೂ ದನಿ ಕೂಡುತ್ತವೆ. ಜೊತೆಗೆ ತಂದಿದ್ದ ಸಣ್ಣ ಕೀಬೋರ್ಡ್ ಮಾತ್ರ ಇತ್ತು. ಬಾಸ್‌ಗಳು ಮನೆಯಲ್ಲಿ ಹಾಡುವಾಗ ಯಾವಾಗಲೂ ಆ ಮೊದಲ ಸಾಲಿಗೆ ತುಸು ಹೆಚ್ಚೇ ಬಲ ಹಾಕುತ್ತಿದ್ದರು. ಅವತ್ತು ಹಾಕಲಿಲ್ಲ. ಅಂಗಳದಲ್ಲಿ ಕೇಳಿದ್ದು ಒಳಗೆ ಬಂದಿತ್ತು. ನನ್ನ ಸಾಲು ಬರುವ ಹೊತ್ತಿಗೆ ಗಂಟಲು ಕಟ್ಟಿದಂತಾಗಿ ಎರಡು ಸ್ವರ ಬಿಟ್ಟು ಸೇರಿಕೊಂಡೆ, ಪಕ್ಕದವರು ಹಿಡಿದಿದ್ದರು. ಕ್ವಾಯರ್ ಇರುವುದೇ ಅದಕ್ಕೆ.

ಮೆಂಡೆಲ್ಸನ್ ಅವರ ಮನೆ ಗೋಲ್ಡ್‌ಶ್ಮಿಟ್ ಬೀದಿಯಲ್ಲಿದೆ. 1835ರಿಂದ ಗೆವಾಂಡ್‌ಹೌಸ್ ಆರ್ಕೆಸ್ಟ್ರಾ ನಡೆಸಿದ, 1843ರಲ್ಲಿ ಇಲ್ಲಿ ಸಂಗೀತ ಶಾಲೆ ತೆರೆದ ಅವರು 1847ರ ನವೆಂಬರ್ 4ರಂದು 38ನೇ ವಯಸ್ಸಿನಲ್ಲಿ ತೀರಿಕೊಂಡದ್ದು ಈ ಮನೆಯಲ್ಲಿ. ಕಾರ್ಯಕ್ರಮದ ದಿನದ ಬೆಳಿಗ್ಗೆಗೆ ನಾನು ಇಟ್ಟದ್ದು ಇದೊಂದನ್ನೇ. ಕಾರಣ ಸರಳ: ಒಳಗೆ ಕೂರಲು ಜಾಗವಿದೆ, ಸದ್ದಿಲ್ಲ, ನಡಿಗೆ ಕಡಿಮೆ. ಕೆಳಗಿನ ಒಂದು ಕೋಣೆಯಲ್ಲಿ ಕೋಲು ಹಿಡಿದು ಸ್ಪೀಕರುಗಳ ಆರ್ಕೆಸ್ಟ್ರಾವನ್ನು ನಡೆಸುವ ವ್ಯವಸ್ಥೆಯಿದೆ. ಕೈ ನಿಧಾನಿಸಿದರೆ ಸಂಗೀತವೂ ನಿಧಾನಿಸುತ್ತದೆ. ವರ್ಷಗಟ್ಟಲೆ ಬೇರೆಯವರ ಕೈ ನೋಡಿ ಹಾಡಿದವರು ಒಬ್ಬೊಬ್ಬರಾಗಿ ಕೋಲು ಹಿಡಿದು ನೋಡಿದರು. ನಿರ್ದೇಶನದ ಕೈ ಎಷ್ಟು ಮೊದಲೇ ಚಲಿಸಬೇಕು ಎಂದು ಅರಿವಾಗಲು ಅದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ಥಾಮಸ್ ಚರ್ಚಿನ ಹತ್ತಿರ ಮೆಂಡೆಲ್ಸನ್ ಅವರ ಪ್ರತಿಮೆಯೂ ಇದೆ, 2008ರದು. ಮೂಲ ಪ್ರತಿಮೆಯನ್ನು ನಾಜಿಗಳು 1936ರಲ್ಲಿ, ಅವರು ಯಹೂದಿ ಮನೆತನದವರೆಂಬ ಕಾರಣಕ್ಕೆ ಕಿತ್ತು ಹಾಕಿದರು. ಅದೇ ಮೆಂಡೆಲ್ಸನ್ 1840ರಲ್ಲಿ ಥಾಮಸ್ ಚರ್ಚಿನಲ್ಲಿ ತಾವೇ ಆರ್ಗನ್ ನುಡಿಸಿ ಹಣ ಕೂಡಿಸಿ ಬಾಖ್‌ಗೆ ಸ್ಮಾರಕ ಮಾಡಿಸಿದ್ದರು. 1843ರ ಆ ಸ್ಮಾರಕ ಪಕ್ಕದ ಉದ್ಯಾನದಲ್ಲಿ ಈಗಲೂ ಇದೆ. ದೊಡ್ಡ ಬಾಖ್ ಪ್ರತಿಮೆಯ ಮುಂದೆ ಫೋಟೊ ತೆಗೆಸಿಕೊಳ್ಳುವವರು ಅದನ್ನು ಗಮನಿಸುವುದೇ ಇಲ್ಲ. ನಮ್ಮ ಗುಂಪುಗಳಿಗೆ ಎರಡನ್ನೂ ಹುಡುಕಿ ಬರಲು ಹೇಳಿದ್ದೆ.

ನಮ್ಮ ಕಾರ್ಯಕ್ರಮ ಇದ್ದದ್ದು ಹೊರವಲಯದ ಒಂದು ಸಣ್ಣ ಚರ್ಚಿನಲ್ಲಿ. ಅವತ್ತು ಮಧ್ಯಾಹ್ನದ ಊಟ ಆದ ಮೇಲೆ ಯಾರೂ ಎಲ್ಲಿಗೂ ಹೋಗಬಾರದು, ಒಂದು ಗಂಟೆ ಮಲಗಿ ಎಂದು ಹೇಳಿದ್ದೆ. ಔವರ್‌ಬಾಖ್ ನೆಲಮಾಳಿಗೆಯಲ್ಲಿ ಊಟ ಮಾಡಬೇಕೆಂದು ಬಹಳ ಜನರ ಆಸೆ. ಕವಿ ಗಯಟೆ ಇಲ್ಲಿ ಓದುತ್ತಿದ್ದಾಗ ಬರುತ್ತಿದ್ದ, ಫೌಸ್ಟ್ ನಾಟಕದ ಒಂದು ದೃಶ್ಯಕ್ಕೆ ಜಾಗವಾದ ಪಾನಗೃಹ ಅದು. ಆದರೆ ಕಮಾನು ಚಾವಣಿಯ ನೆಲಮಾಳಿಗೆಯಲ್ಲಿ ನೂರಾರು ಜನರ ಮಾತಿನ ನಡುವೆ ಕುಳಿತರೆ ಎದುರಿಗಿರುವವರಿಗೆ ಕೇಳಿಸಲೂ ದನಿ ಏರಿಸಬೇಕು. ಹಾಡುವ ಮುನ್ನ ಅಂಥ ಕಡೆ ಎರಡು ಗಂಟೆ ಕೂತರೆ ಸೊಪ್ರಾನೊಗಳ ಮೇಲಿನ ಸ್ವರಗಳು ಹೋದವೆಂದೇ ಲೆಕ್ಕ. ಅದನ್ನು ಕಾರ್ಯಕ್ರಮದ ಮರುದಿನಕ್ಕೆ ಹಾಕಿದೆ. ಆ ರಾತ್ರಿ ಎಷ್ಟು ಬೇಕಾದರೂ ಕೂಗಿಕೊಳ್ಳಲಿ ಎಂದು ನಿರ್ದೇಶಕಿಯೇ ಅಂದರು.

ಸಂಜೆ ಹಾಡಿದ್ದು ಹೇಗಿತ್ತೆಂದು ನಾನೇ ಹೇಳುವುದು ಸರಿಯಲ್ಲ. ಪದಗಳ ಕೊನೆಗಳು ಒಟ್ಟಿಗೆ ಮುಚ್ಚಿದವು ಎಂಬುದನ್ನಷ್ಟೇ ಹೇಳುತ್ತೇನೆ, ಏಕೆಂದರೆ ಅದು ಶುಕ್ರವಾರದ ಆ ಒಂದು ಗಂಟೆಯಿಂದ ಬಂದದ್ದು.

ಉಳಿದ ದಿನಕ್ಕೆ ಊರಾಚೆಯ ಜನಾಂಗಗಳ ಕದನದ ಸ್ಮಾರಕ. 1813ರ ಅಕ್ಟೋಬರಿನಲ್ಲಿ ನೆಪೋಲಿಯನ್ ಇಲ್ಲಿ ಸೋತ. ನೂರು ವರ್ಷದ ನಂತರ, 1913ರಲ್ಲಿ, 91 ಮೀಟರ್ ಎತ್ತರದ ಈ ಕಲ್ಲಿನ ರಾಶಿ ಎದ್ದಿತು. ಕಟ್ಟಡ ನನಗೆ ಇಷ್ಟವಿಲ್ಲ. ಅದರ ತೂಕ, ಅದರ ದೈತ್ಯ ಮೂರ್ತಿಗಳು ಸತ್ತವರಿಗಿಂತ ಯುದ್ಧವನ್ನೇ ದೊಡ್ಡದು ಮಾಡುತ್ತವೆ. ಆದರೂ ಹಾಡುವವರು ಅದನ್ನು ಬಿಡಬಾರದು. ಗುಮ್ಮಟದ ಕೆಳಗೆ ಸದ್ದು ಆರುವುದೇ ಇಲ್ಲ ಅನ್ನುವಷ್ಟು ಹೊತ್ತು ನಿಲ್ಲುತ್ತದೆ. ಅಲ್ಲಿಯೇ ಕಾರ್ಯಕ್ರಮ ಕೊಡುವ ಕ್ವಾಯರ್ ಕೂಡ ಇದೆ. ಸಿಬ್ಬಂದಿಯನ್ನು ಕೇಳಿ ಒಂದು ಕೋರಲ್‌ನ ಎರಡು ಸಾಲು ಹಾಡಿದೆವು. ನಮ್ಮ ಎಂದಿನ ವೇಗದಲ್ಲಿ ಹಾಡಿದಾಗ ಸ್ವಲ್ಪ ಹೊತ್ತಿನಲ್ಲೇ ಹಿಂದಿನ ಸ್ವರಗಳೆಲ್ಲ ಒಂದರ ಮೇಲೊಂದು ಬಿದ್ದು ಗೊಂದಲವಾಯಿತು. ವೇಗ ಅರ್ಧಕ್ಕಿಳಿಸಿ, ಪ್ರತಿ ಸಾಲಿನ ಕೊನೆಯಲ್ಲಿ ಕಾದು, ಸದ್ದು ತಿಳಿಯಾದ ಮೇಲೆ ಮುಂದಿನದಕ್ಕೆ ಹೋದೆವು. ವ್ಯಂಜನಗಳನ್ನು ಗಟ್ಟಿ ಮಾಡಿ ಪ್ರಯೋಜನವಿರಲಿಲ್ಲ, ಸ್ವರ ಶುದ್ಧವಾಗಿದ್ದರೆ ಮಾತ್ರ ಉಳಿಯಿತು. ಥಾಮಸ್ ಚರ್ಚಿನಲ್ಲಿ ಕಲಿತದ್ದಕ್ಕೆ ಇದು ಪೂರಾ ಎದುರು, ಹಾಗಾಗಿಯೇ ಎರಡನ್ನೂ ಒಂದೇ ಪ್ರವಾಸದಲ್ಲಿ ಇಟ್ಟುಕೊಳ್ಳಬೇಕು ಎನ್ನುತ್ತೇನೆ. ಮೇಲಿನ ಜಗಲಿಗೆ ಹತ್ತುವ ಕಿರಿದಾದ ಸುರುಳಿ ಮೆಟ್ಟಿಲುಗಳನ್ನು ಕಾರ್ಯಕ್ರಮ ಮುಗಿದ ಮೇಲೆ ಹತ್ತಿ, ಮೊದಲು ಬೇಡ. ಮಂಡಿನೋವಿನವರು ಹತ್ತುವುದೇ ಬೇಡ.

ಮರಳುವ ದಾರಿಯಲ್ಲಿ ನೌಮ್‌ಬುರ್ಗ್‌ನಲ್ಲಿ ಬಸ್ಸು ನಿಲ್ಲಿಸಿದೆವು. ಹೆಚ್ಚಿನವರು ಅಲ್ಲಿಗೆ ಹೋಗುವುದು ಕೆಥೀಡ್ರಲ್‌ನ ಶಿಲ್ಪಗಳಿಗಾಗಿ. ನಾವು ಸೇಂಟ್ ವೆಂಟ್ಸೆಲ್ ಚರ್ಚಿಗೂ ಹೋದೆವು, ತ್ಸಕರಿಯಾಸ್ ಹಿಲ್ಡೆಬ್ರಾಂಟ್ ಕಟ್ಟಿದ ಆರ್ಗನ್ ಕೇಳಲು. 1746ರ ಸೆಪ್ಟೆಂಬರಿನಲ್ಲಿ ಅದನ್ನು ಪರೀಕ್ಷಿಸಿ ಒಪ್ಪಿಗೆ ಕೊಟ್ಟವರು ಬಾಖ್ ಮತ್ತು ಆರ್ಗನ್ ಕಟ್ಟುವುದರಲ್ಲಿ ಹೆಸರಾಂತ ಗೋಟ್‌ಫ್ರೀಡ್ ಜಿಲ್ಬರ್‌ಮನ್. ಲೈಪ್‌ಜಿಗ್‌ನ ಎರಡೂ ಚರ್ಚುಗಳಲ್ಲಿ ಬಾಖ್ ಕಾಲದ ಆರ್ಗನ್‌ಗಳು ಉಳಿದಿಲ್ಲ. ಅವರು ಬೆರಳಿಟ್ಟು ನೋಡಿ ಒಪ್ಪಿದ ದೊಡ್ಡ ವಾದ್ಯದ ಸದ್ದು ಕೇಳಬೇಕೆಂದರೆ ಈ ಸಣ್ಣ ಊರಿಗೇ ಬರಬೇಕು. ಅಗಲವಾದ, ಉದ್ದ ಕಡಿಮೆಯ ಚರ್ಚ್, ತುಂಬಿಕೊಳ್ಳುವ ನಾದ. ತಳದ ಕೊಳವೆಗಳು ಶುರುವಾದಾಗ ಬೆಂಚಿನ ಹಲಗೆ ಕಾಲಿಗೆ ತಾಗುವ ಹಾಗೆ ನಡುಗಿತು.

ಬಸ್ಸು ಮತ್ತೆ ಹೊರಟ ಮೇಲೆ ಮುಂದಿನ ಪ್ರವಾಸದ ಮಾತು ಬಂತು. ಹೆಚ್ಚು ಕೈಗಳು ಎದ್ದದ್ದು ಲ್ಯೂಬೆಕ್‌ಗೆ: ಇಪ್ಪತ್ತರ ಹರೆಯದ ಬಾಖ್ 1705ರಲ್ಲಿ ಆರ್ಗನ್ ವಾದಕ ಬುಕ್ಸ್‌ಟೆಹುಡೆಯನ್ನು ಕೇಳಲೆಂದು ಆರ್ನ್‌ಸ್ಟಾಟ್‌ನಿಂದ ನಡೆದೇ ಹೋದ ಊರು. ನಡುವಿನ ಹೊತ್ತಿನ ಕೆಲಸ ಮತ್ತೆ ನನಗೇ ಬಂದಿದೆ. ಅಲ್ಲಿನ ಮರಿಯನ್ ಚರ್ಚಿನ ಕಚೇರಿಗೆ ಪತ್ರ ಕಳಿಸಿದ್ದೇನೆ, ಕೃತಿಯ ಹೆಸರು, ಅವಧಿ, ವಾದ್ಯ ಮೂರನ್ನೂ ಬರೆದು. ಎಂಟೆಂಟರ ಗುಂಪುಗಳಿಗೆ ಇನ್ನೂ ಒಬ್ಬ ಟೆನರ್ ಬೇಕಾಗಿದ್ದಾರೆ.